ಮೆಲುಕಿನ ನಡುವಿನ ನಾಲ್ಕು ಸೆಕೆಂಡು

ಚಳ್ಳಕೆರೆ ಸೀಮೆಯ ದೇವರ ಎತ್ತುಗಳ (ದೇವರಿಗೆಂದು ಬಿಟ್ಟ ದನಗಳ) ಮುಖವನ್ನು, ಕಣ್ಣಿನ ರೆಪ್ಪೆಗೂದಲೂ ಕೊಂಬಿನ ಮೇಲಿನ ಗೀರುಗಳೂ ಒಂದೇ ಚಿತ್ರದಲ್ಲಿ ಎಣಿಸುವಷ್ಟು ಸ್ಫುಟವಾಗಿ ಜೂಮ್ ಲೆನ್ಸಿನಲ್ಲೇ ತೆಗೆಯುತ್ತೇನೆಂದು ಹೇಳಿದಾಗ, ದಾವಣಗೆರೆಯ ನನ್ನ ಛಾಯಾಗ್ರಾಹಕ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ಅದಕ್ಕೆ ಜೂಮ್ ಆಗದ ಪ್ರೈಮ್ ಲೆನ್ಸೇ ಬೇಕೆಂಬುದು ಅವರ ವಾದವಾಗಿತ್ತು. ಎರಡು ವರ್ಷ ಅವರ ಮಾತೇ ನಿಜವೂ ಆಗಿತ್ತು. ಈಗ ನನ್ನ ಗೋಡೆಯ ಮೇಲಿರುವ ಮೂರಡಿಯ ಪ್ರಿಂಟನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ‘ಯಾವ ಪ್ರೈಮ್?’ ಎಂದು ಕೇಳಿದವರೂ ಅವರೇ.

150ರಿಂದ 600 ಮಿಲಿಮೀಟರ್‌ವರೆಗೆ ಜೂಮ್ ಆಗುವ ಲೆನ್ಸನ್ನು ಸುಮಾರು 52,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಎರಡು ಮದುವೆ ಸೀಸನ್ನಿನ ಉಳಿತಾಯ ಅದಕ್ಕೇ ಹೋಯಿತು. ಮೊದಲ ನಾಲ್ಕೈದು ತಿಂಗಳು ಬಂದ ಚಿತ್ರಗಳೆಲ್ಲ ಮಂಜು ಕವಿದಂತಿದ್ದವು. ದೊಡ್ಡ ಊರಿನ ರಿಪೇರಿಯವರೊಬ್ಬರು ಮೂರೂವರೆ ಸಾವಿರ ತೆಗೆದುಕೊಂಡು, ಲೆನ್ಸನ್ನು ಒರೆಸಿ, ಇದ್ದ ಹಾಗೆಯೇ ಹಿಂತಿರುಗಿಸಿದರು. ಕಡೆಗೆ ಮನೆಯ ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿ ಪರೀಕ್ಷಿಸಿದಾಗ ಗೊತ್ತಾದದ್ದೇನೆಂದರೆ, ಲೆನ್ಸಿನ ಗಾಜು ಕಾಪಾಡಲೆಂದು ನಾನೇ ಹಾಕಿದ್ದ ನಾನೂರು ರೂಪಾಯಿಯ ಫಿಲ್ಟರೇ ಅರ್ಧ ಅಪರಾಧಿಯಾಗಿತ್ತು. ಉಳಿದರ್ಧ ಕ್ಯಾಮೆರಾ ಮತ್ತು ಲೆನ್ಸಿನ ನಡುವಿನ ಫೋಕಸ್ ಹೊಂದಾಣಿಕೆಯದು. ನನ್ನ ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಬಾಡಿ ಒಂದು ಲೆನ್ಸಿಗೆ ಫೋಕಸ್ ತಿದ್ದುವ ಒಂದೇ ಅಂಕಿಯನ್ನು ಒಪ್ಪಿಕೊಳ್ಳುತ್ತದೆ. 600ಕ್ಕೆ ಸರಿಹೋದದ್ದು 400ಕ್ಕೆ ಹೊಂದಲಿಲ್ಲ. ಆದ್ದರಿಂದ 600ರ ಆಸೆಯನ್ನೇ ಬಿಟ್ಟು, 400ಕ್ಕೆ ಮಾತ್ರ ಹೊಂದಿಸಿ, ಜೂಮ್ ರಿಂಗಿನ ಆ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆಯಿಟ್ಟೆ. ಹೊಂದಿಸಿದ ಅಂಕಿ ನನ್ನಲ್ಲೇ ಇರಲಿ. ನಿಮ್ಮ ಲೆನ್ಸಿಗೆ ಅದರಿಂದ ಪ್ರಯೋಜನವೂ ಇಲ್ಲ.

600ನ್ನು ಬಿಟ್ಟಿದ್ದರಿಂದ ಇನ್ನೊಂದು ಲಾಭವಾಯಿತು. ಮೂವತ್ತು ಅಡಿ ದೂರದಿಂದ ಎಫ್ 8ರಲ್ಲಿ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ) ತೆಗೆದರೆ, 600ರಲ್ಲಿ ಸ್ಫುಟವಾಗಿ ನಿಲ್ಲುವ ಆಳ ಮೂರು ಅಂಗುಲವೂ ಇಲ್ಲ. 400ರಲ್ಲಿ ಸುಮಾರು ಆರು ಅಂಗುಲ ಸಿಗುತ್ತದೆ. ಈ ಎತ್ತುಗಳ ಕೊಂಬುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವುದರಿಂದ, ಎದುರಿನಿಂದ ತೆಗೆದರೆ ಮೂತಿಯೋ ಕೊಂಬೋ ಒಂದು ಕೈಬಿಟ್ಟೇ ಹೋಗುತ್ತದೆ. ಪೂರ್ತಿ ಪಕ್ಕಕ್ಕೆ ತಿರುಗಿದಾಗ ಮಾತ್ರ ಈಚೆಗಿನ ಕಣ್ಣು, ಈಚೆಗಿನ ಕೊಂಬು ಎರಡೂ ಆ ಆರು ಅಂಗುಲದೊಳಗೆ ಬರುತ್ತವೆ. ಎತ್ತು ಹಾಗೆ ತಿರುಗುವಂತೆ ಮಾಡುವ ಸದ್ದೊಂದಿದೆ; ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಇಷ್ಟಾದರೂ ಹತ್ತರಲ್ಲಿ ಒಂಬತ್ತು ಚಿತ್ರಗಳು ಅಲುಗಿರುತ್ತಿದ್ದವು. ಚಿತ್ರದುರ್ಗದ ಗಾಳಿಗೆ ಟ್ರೈಪಾಡ್ ನಿಲ್ಲುತ್ತಿರಲಿಲ್ಲ. ಅದರ ಬದಲು ಲೆನ್ಸಿಗೆ ಆಸರೆಯಾಗುವ ಚೀಲ, ಅಂದರೆ ಬೀನ್ ಬ್ಯಾಗ್ ಹೊಲಿಸಿ, ನಮ್ಮೂರಿನ ಅಭಿಮಾನದಿಂದ ಮೊದಲು ಮಂಡಕ್ಕಿ ತುಂಬಿದೆ. ಅದು ಲೆನ್ಸಿನ ಭಾರಕ್ಕೆ ಪುಡಿಯಾಯಿತು. ಚಳ್ಳಕೆರೆಯ ಶೇಂಗಾ ತುಂಬಿದಾಗ ಮೇಕೆಯೊಂದು ಚೀಲವನ್ನೇ ಹರಿದು ತಿಂದಿತು. ಈಗ ಅದರಲ್ಲಿರುವುದು ಜೋಳ, ಮೇಲೆ ಕಂಬಳಿಯ ತುಂಡು.

ಅಲುಗಾಟಕ್ಕೆ ನಿಜವಾದ ಪರಿಹಾರ ತೋರಿಸಿದವರು ನಾಯಕನಹಟ್ಟಿಯ ಕಡೆಯ ಒಬ್ಬ ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವರು. ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು ರೊಪ್ಪದೊಳಗೆ (ದನದ ದೊಡ್ಡಿಯೊಳಗೆ) ನಿಂತು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದುದನ್ನು ನೋಡಿ, ‘ಅದು ಮೆಲುಕು ಹಾಕ್ತೈತಲ್ಲ ಸ್ವಾಮಿ, ನುಂಗಾಗಂಟ ಸುಮ್ಕೆ ಕೂತ್ಕಳ್ರಿ’ ಎಂದರು. ಎತ್ತು ಒಂದು ತುತ್ತನ್ನು ಐವತ್ತರ ಆಸುಪಾಸಿನ ಸಲ ಅಗಿದು ನುಂಗುತ್ತದೆ. ಮುಂದಿನ ತುತ್ತು ಗಂಟಲಿಗೆ ಏರಿ ಬರುವ ಮುನ್ನ ಮೂರು ನಾಲ್ಕು ಸೆಕೆಂಡು ಅದರ ದವಡೆ ಕಲ್ಲಿನಂತೆ ನಿಲ್ಲುತ್ತದೆ. ನನಗೆ ಬೇಕಾಗಿದ್ದುದು ಅಷ್ಟೇ ಹೊತ್ತು. ಅಂದಿನಿಂದ ಅಗಿತ ಎಣಿಸುತ್ತ ಬೆರಳನ್ನು ಬಟನ್ನಿನ ಮೇಲಿಟ್ಟು ಕಾಯುತ್ತೇನೆ. ನೊಣಕ್ಕೆ ಕಿವಿ ಬಡಿಯುವುದನ್ನು ತಡೆಯಲಾಗದ ಕಾರಣ ಶಟರ್ ವೇಗವನ್ನು 1/800 ಸೆಕೆಂಡಿಗಿಂತ ನಿಧಾನಕ್ಕೆ ಇಳಿಸುವುದಿಲ್ಲ. ದನಗಳು ಮೇಯಲು ಹೊರಡುವ ಮೊದಲು, ಮಲಗಿದಲ್ಲೇ ಮೆಲುಕು ಹಾಕುವ ಬೆಳಗಿನ ಹೊತ್ತೇ ಉತ್ತಮ. ಒಂಬತ್ತು ಗಂಟೆ ದಾಟಿದರೆ ನೆಲದಿಂದ ಏಳುವ ಕಾವಿಗೆ ಗಾಳಿ ನಡುಗಿ, ಮೂವತ್ತು ಅಡಿಯಲ್ಲೂ ರೆಪ್ಪೆಗೂದಲು ಕಲಸಿಹೋಗುತ್ತದೆ.

ಇದೇ ಹುಮ್ಮಸ್ಸಿನಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೆ ಕೊಂಡುಕುರಿಯೆಂಬ ಕಾಡುಹುಲ್ಲೆಯನ್ನು ಹುಡುಕಿಕೊಂಡು ಮೂರು ಬೆಳಗು ಹೋದೆ. ಗಂಡಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಬೆರಳಿನ ಗಿಣ್ಣಿನಷ್ಟೇ. ನನಗೆ ಸಿಕ್ಕದ್ದು ಪೊದೆಯೊಳಗೆ ಮಾಯವಾಗುವ ಬೆನ್ನು ಮಾತ್ರ, ಅದೂ 600ರಲ್ಲಿ, ಅದೂ ಮಸುಕು.

ಲೆನ್ಸು, ರಿಪೇರಿ, ಬಸ್ಸು, ಪ್ರಿಂಟು ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು. ಕಳೆದ ಚಳಿಗಾಲದ ಸಾವಿರದಷ್ಟು ಚಿತ್ರಗಳಲ್ಲಿ ಇಟ್ಟುಕೊಂಡದ್ದು ನಲವತ್ತು. ಕಿಲಾರಿಗೂ ಒಂದು ಪ್ರಿಂಟ್ ಕೊಟ್ಟೆ. ಅವರು ಕೊಂಬಿನ ಗೀರು ನೋಡಿಯೇ ಎತ್ತು ಯಾವುದೆಂದು ಗುರುತಿಸಿದರು. ಆಮೇಲೆ, ಆಚೆಗಿನ ಕೊಂಬು ಯಾಕೆ ಮಬ್ಬಾಗಿದೆ ಎಂದು ಕೇಳಿದರು.