ವರ್ಷದ ದಿನಸಿ ಒಟ್ಟಿಗೆ ತಂದು ಖರ್ಚು ಇಳಿಸಿದ್ದು: ನನ್ನ ಅನುಭವ

ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ ವರ್ಷದ ದಿನಸಿ ಇಡೋಕಾಗಲ್ಲ, ಹುಳ ಬಿದ್ದು ಎಸೆಯೋದೇ ಆಗುತ್ತೆ ಅಂತ ಎಲ್ಲರೂ ಹೇಳಿದ್ದರು. ಈಗ ಮೂರನೇ ವರ್ಷ ನಡೆಯುತ್ತಿದೆ. ನಮ್ಮದು ಐದು ಜನರ ಮನೆ. ಹಾಲು, ತರಕಾರಿ ಬಿಟ್ಟು ತಿಂಗಳಿಗೆ 9,000 ಹತ್ತಿರ ಆಗುತ್ತಿದ್ದ ಖರ್ಚು ಈಗ 7,300ರ ಆಸುಪಾಸು. ಬೇಡ ಅಂದಿದ್ದ ಎರಡು ಮನೆಯವರು ಈಗ ನನ್ನ ಜೊತೆಗೇ ಯಶವಂತಪುರದ ಎಪಿಎಂಸಿ ಸಗಟು ಮಾರುಕಟ್ಟೆಗೆ ಬರುತ್ತಾರೆ. ಟೆಂಪೋ ಬಾಡಿಗೆ ಮೂರು ಪಾಲು.

ಸಗಟು ಬೆಲೆಗಿಂತ ಜಾಸ್ತಿ ಉಳಿಸಿಕೊಟ್ಟಿದ್ದು ಹಂಗಾಮು. ಕಲಬುರಗಿ ಕಡೆಯ ಹೊಸ ತೊಗರಿ ಬಂದು ಮಾರುಕಟ್ಟೆ ತುಂಬಿದ ಮೇಲೆ, ಫೆಬ್ರವರಿ ಕೊನೆಗೆ ಬೇಳೆ ಕೊಳ್ಳುತ್ತೇನೆ. ಅದೇ ಬೇಳೆಗೆ ದೀಪಾವಳಿ ಹೊತ್ತಿಗೆ ಕಿಲೋಗೆ 30-40 ರೂಪಾಯಿ ಜಾಸ್ತಿ ಕೊಟ್ಟದ್ದೂ ಉಂಟು. ಹುಣಸೆ, ಮೆಣಸಿನಕಾಯಿ ಮಾರ್ಚಿಗೆ. ಬ್ಯಾಡಗಿ ಎರಡು ಪಾಲು, ಗುಂಟೂರು ಒಂದು ಪಾಲು. ಅಕ್ಕಿ ಮಾತ್ರ ವರ್ಷಕ್ಕಾಗುವಷ್ಟು ತರಲ್ಲ, ಮೂರು ತಿಂಗಳಿಗೊಮ್ಮೆ ಹಳೇ ಸೋನಾ ಮಸೂರಿ. 25 ಕಿಲೋವರೆಗಿನ ಪ್ಯಾಕ್ ಅಕ್ಕಿಗೆ 2022ರ ಜುಲೈನಿಂದ ಶೇ. 5 ಜಿಎಸ್‌ಟಿ ಬಿತ್ತಲ್ವಾ, ಆವತ್ತಿನಿಂದ 26 ಕಿಲೋ ಮೂಟೆಯನ್ನೇ ಕೇಳಿ ತರುವುದು.

ಹುಳದ ವಿಷಯಕ್ಕೆ ಬರೋಣ. ಬೇವಿನ ಎಲೆ, ಒಣಮೆಣಸಿನಕಾಯಿ ಎಲ್ಲಾ ಹಾಕಿ ನೋಡಿದೆ, ಮಳೆಗಾಲ ದಾಟಲಿಲ್ಲ. ಬೋರಿಕ್ ಪೌಡರ್ ನಮ್ಮ ಮನೆಗೆ ಬೇಡವೇ ಬೇಡ. ಕೈ ಹಿಡಿದದ್ದು ಹರಳೆಣ್ಣೆ. ಬೇಳೆಯನ್ನು ಎರಡು ದಿನ ಟೆರೇಸಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕಿಲೋಗೆ ಒಂದು ಚಮಚದ ಹಾಗೆ ಎಣ್ಣೆ ಬಿಟ್ಟು ಎರಡೂ ಕೈಯಲ್ಲಿ ತಿಕ್ಕಬೇಕು. ಮೊದಲು ಅಲ್ಲಲ್ಲಿ ಗಂಟು ಕಟ್ಟುತ್ತದೆ. ತಿಕ್ಕುತ್ತಾ ಹೋದರೆ ಗಂಟು ಬಿಟ್ಟು ಪ್ರತಿ ಬೇಳೆಯೂ ಮಿರಮಿರ ಅನ್ನುತ್ತದೆ, ಅಂಗೈಯಿಂದ ಜಾರುತ್ತದೆ. ಅಲ್ಲಿಗೆ ನಿಲ್ಲಿಸಿ. ಬಿಸಿ ಇರುವಾಗಲೇ ಡ್ರಮ್ಮಿಗೆ ತುಂಬಿದರೆ ಮುಚ್ಚಳದ ಒಳಗೆ ನೀರಾಡಿ ಎಲ್ಲಾ ಹಾಳು. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ವಾಸನೆ ಇರಲ್ಲ. ಹುಣಸೆಗೆ ಬೀಜ ತೆಗೆದು ಉಪ್ಪು ಹಾಕುವುದು ನಿಮಗೆ ಗೊತ್ತೇ ಇದೆ. ನಾನು ಅದರ ಜೊತೆ ಇನ್ನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ದುಡ್ಡು ಹೋದದ್ದು ಈರುಳ್ಳಿಯಲ್ಲಿ. ಅಕ್ಟೋಬರಿನಲ್ಲಿ ಅಗ್ಗ ಅಂತ ಚಿತ್ರದುರ್ಗದ ಕಡೆಯದು ಒಂದು ಚೀಲ ಬಂತು, 1,000ದ ಮೇಲೆ. ಮೂರನೇ ಒಂದು ಭಾಗ ಕೊಳೆಯಿತು. ಮಳೆಗಾಲದ ಬೆಳೆಯಲ್ಲಿ ನೀರಿನ ಅಂಶ ಜಾಸ್ತಿ, ಅದು ಇಡುವ ಮಾಲಲ್ಲ. ಏಪ್ರಿಲ್-ಮೇನಲ್ಲಿ ಬರುವ ನಾಸಿಕ್ ಈರುಳ್ಳಿ ಗಾಳಿಯಾಡುವ ಕಡೆ ಹರಡಿದರೆ ಮೂರು ತಿಂಗಳು ಬರುತ್ತದೆ. ಗೋಧಿ ಹಿಟ್ಟನ್ನೂ ಒಟ್ಟಿಗೆ ಬೀಸಿಸಬೇಡಿ, ಎರಡು ತಿಂಗಳಿಗೆ ಮುಗ್ಗಲು ವಾಸನೆ. ರವೆಯೂ ಹುರಿದಿಟ್ಟರೆ ಮಾತ್ರ ಉಳಿಯುತ್ತದೆ.

ನಡುವೆ ಗಾಣದ ಎಣ್ಣೆಯನ್ನೂ ಮಾಡಿಸಿದೆ. ಲೀಟರಿಗೆ ಎರಡೂವರೆ ಕಿಲೋ ಕಡಲೆಬೀಜ ಬೇಕಾಯಿತು. ಗಾಣದ ಕೂಲಿ ಸೇರಿದರೆ ಪ್ಯಾಕೆಟ್ ಎಣ್ಣೆಗಿಂತ ನೂರು ರೂಪಾಯಿ ದುಬಾರಿ. ಉಳಿತಾಯದ ಲೆಕ್ಕಕ್ಕೆ ಅದು ಬರಲ್ಲ. ಆದರೆ ಚಟ್ನಿಪುಡಿಗೆ ಆ ಎಣ್ಣೆ ಕಲೆಸಿ ತಿಂದ ಮೇಲೆ ಬಿಡಲು ಮನಸ್ಸಾಗಿಲ್ಲ, ವರ್ಷಕ್ಕೆ ಐದು ಲೀಟರ್ ಮಾಡಿಸುತ್ತೇನೆ.

ಉಳಿತಾಯವಾದ ದುಡ್ಡಿನಲ್ಲಿ ಅರ್ಧದಷ್ಟು ಸೂಪರ್‌ಮಾರ್ಕೆಟ್ಟಿಗೆ ಹೋಗದೇ ಉಳಿದದ್ದು. ಬೇಳೆಗೆ ಅಂತ ಹೋದರೆ ಸುಮ್ನೆ ಬರೋಕಾಗಲ್ಲ, ಬಿಸ್ಕತ್ತು, ಆಫರಿನ ಜ್ಯೂಸು ಬುಟ್ಟಿಗೆ ಬಿದ್ದೇ ಬೀಳುತ್ತವೆ.

ಯಾವ ಮಂಡಿ ಅಂತ ಕೇಳಬೇಡಿ, ನಾಲ್ಕಾರು ಸುತ್ತು ಹಾಕಿದರೆ ನಿಮಗೇ ಸಿಗುತ್ತದೆ. ಕೈಯಲ್ಲಿ ಒಂದೇ ಸಲ 20,000 ಬೇಕು ಅನ್ನುವುದೇ ದೊಡ್ಡ ತೊಡಕು. ಅದಕ್ಕೆ ತಿಂಗಳಿಗೆ 2,000ದ ಒಂದು ಚೀಟಿ ಹಾಕಿದ್ದೇನೆ, ಫೆಬ್ರವರಿಗೆ ಮುಗಿಯುವ ಹಾಗೆ.