ಒಂದು ಬಿಟ್ ಮಗುಚಿದರೆ ‘ಕಾಳಿ’ ‘ಗಾಳಿ’ಯಾಗುತ್ತದೆ

ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಕ’ದ ಸಂಖ್ಯೆಯ ಕೊನೆಯ ಎಂಟು ಬಿಟ್‌ಗಳು, ಅಂದರೆ 0 ಅಥವಾ 1 ಆಗಿರುವ ಅಂಕಿಗಳು, 10010101. ‘ಗ’ದವು 10010111. ಬಲಗಡೆಯಿಂದ ಎರಡನೇ ಬಿಟ್ ನೋಡಿ. ಇಡೀ ವ್ಯತ್ಯಾಸ ಅಷ್ಟೇ! ಹೀಗೆ 0 ಮತ್ತು 1 ಸಾಲಾಗಿ ನಿಂತರೆ ಅದು ಬೈನರಿ ವೆಕ್ಟರ್. ಪೆನ್ನು, ಕಾಗದ ತೆಗೆದುಕೊಂಡು ಜೊತೆಗೇ ಮಾಡುತ್ತಾ ಹೋಗಿ.

ಮೊದಲು ಎಣಿಕೆ. ‘ಕ’ದಲ್ಲಿ ನಾಲ್ಕು 1 ಇವೆ, ‘ಗ’ದಲ್ಲಿ ಐದು. ಈ ಲೆಕ್ಕವನ್ನು ಹ್ಯಾಮಿಂಗ್ ವೆಯ್ಟ್ ಎನ್ನುತ್ತಾರೆ. ಪ್ರೋಗ್ರಾಮರ್‌ಗಳ ಬಾಯಲ್ಲಿ ಅದೇ ಪಾಪ್‌ಕೌಂಟ್.

ಎಂಟು ಬಿಟ್ಟನ್ನೂ ಒಂದೊಂದಾಗಿ ನೋಡದೆ ಎಣಿಸುವ ಒಂದು ಚಂದದ ಉಪಾಯವಿದೆ. ಸಂಖ್ಯೆಯಿಂದ 1 ಕಳೆಯಿರಿ: ತೀರಾ ಬಲಗಡೆಯ 1 ಅನ್ನು 0 ಮಾಡಿ, ಅದರ ಬಲಕ್ಕಿರುವ 0ಗಳನ್ನೆಲ್ಲ 1 ಮಾಡಿದರೆ ಆಯಿತು. ಬಂದದ್ದಕ್ಕೂ ಮೂಲ ಸಂಖ್ಯೆಗೂ ‘ಆಂಡ್’ ಮಾಡಿ, ಅಂದರೆ ಎರಡರಲ್ಲೂ 1 ಇರುವ ಕಡೆ ಮಾತ್ರ 1 ಉಳಿಸಿ. ತೀರಾ ಬಲಗಡೆಯ 1 ಅಳಿಸಿಹೋಗುತ್ತದೆ. ಹೀಗೇ ಮತ್ತೆ ಮತ್ತೆ ಮಾಡಿದರೆ 10010101 ಮೊದಲು 10010100 ಆಗುತ್ತದೆ, ಆಮೇಲೆ 10010000, ಆಮೇಲೆ 10000000, ಕೊನೆಗೆ ಸೊನ್ನೆ. ನಾಲ್ಕು ಸುತ್ತು, ನಾಲ್ಕು 1. ಇದು ಕರ್ನಿಘನ್ ವಿಧಾನ ಅಂತಲೇ ಜನಪ್ರಿಯ. ಆದರೆ ಪೀಟರ್ ವೆಗ್ನರ್ ಇದನ್ನು 1960ರಲ್ಲೇ ಪ್ರಕಟಿಸಿದ್ದರು, ಅವರ ಹೆಸರೂ ನೆನಪಿರಲಿ.

ಈಗ ಮಗುಚುವುದು. ಯಾರಾದರೂ ‘ಫ್ಲಿಪ್ ಮಾಡು’ ಅಂದರೆ ಯಾವುದನ್ನು ಅಂತ ಕೇಳಿಕೊಳ್ಳಿ. ಒಂದೇ ಬಿಟ್ ಆದರೆ ಟಾಗಲ್. ಎಲ್ಲವನ್ನೂ ಬದಲಿಸಿದರೆ ಕಾಂಪ್ಲಿಮೆಂಟ್: ‘ಗ’ 01101000 ಆಗುತ್ತದೆ, ವೆಯ್ಟ್ 8ರಲ್ಲಿ 5 ಕಳೆದು 3. ಸಾಲನ್ನು ಹಿಂದುಮುಂದು ಮಾಡುವುದು ರಿವರ್ಸ್, ಅದರಲ್ಲಿ ವೆಯ್ಟ್ ಬದಲಾಗುವುದೇ ಇಲ್ಲ.

ಟಾಗಲ್‌ಗೆ ಬೇಕಾದದ್ದು ಎಕ್ಸಾರ್. ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆ ಆಗಿದ್ದರೆ 1 ಬರೆಯಿರಿ. ಮಗುಚಬೇಕಾದ ಜಾಗದಲ್ಲಿ ಮಾತ್ರ 1 ಇರುವ ಸಾಲಿಗೆ ಮಾಸ್ಕ್ ಎಂದು ಹೆಸರು. ‘ಕ’ಕ್ಕೆ 00000010 ಎಂಬ ಮಾಸ್ಕ್ ಹಾಕಿ ಎಕ್ಸಾರ್ ಮಾಡಿದರೆ ‘ಗ’. ಅದೇ ಮಾಸ್ಕ್ ಇನ್ನೊಮ್ಮೆ ಹಾಕಿದರೆ ಮತ್ತೆ ‘ಕ’.

ಎರಡು ಸಾಲುಗಳನ್ನೇ ಎಕ್ಸಾರ್ ಮಾಡಿ, ಬಂದ 1ಗಳನ್ನು ಎಣಿಸಿದರೆ ಹ್ಯಾಮಿಂಗ್ ಡಿಸ್ಟೆನ್ಸ್ ಸಿಗುತ್ತದೆ. ‘ಕ’ದಿಂದ ‘ಗ’ಕ್ಕೆ 1. ‘ಖ’ 10010110, ಹಾಗಾಗಿ ‘ಕ’ದಿಂದ ‘ಖ’ಕ್ಕೆ 2. ಅಕ್ಷರಮಾಲೆಯಲ್ಲಿ ಪಕ್ಕದಲ್ಲೇ ಇರುವ ‘ಖ’ ಇಲ್ಲಿ ಜಾಸ್ತಿ ದೂರ!

ಈ ದೂರ ಬರೀ ಲೆಕ್ಕದ ಆಟವಲ್ಲ. 1ಗಳ ಸಂಖ್ಯೆ ಸಮವೋ ಬೆಸವೋ ಎಂಬುದು ಪ್ಯಾರಿಟಿ. 1ಗಳು ಸಮವಾಗಿಯೇ ಇರಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೇವೆ ಅನ್ನಿ. ‘ಕ’ ಕಳಿಸಿದಾಗ ದಾರಿಯಲ್ಲಿ ಒಂದು ಬಿಟ್ ಕೆಟ್ಟು ‘ಗ’ ಆದರೆ ಸಮ ಬೆಸವಾಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಎರಡು ಬಿಟ್ ಕೆಟ್ಟು ‘ಖ’ ಆದರೆ ಆಗಲೂ ನಾಲ್ಕೇ 1, ಪ್ಯಾರಿಟಿಗೆ ಏನೂ ಗೊತ್ತಾಗುವುದಿಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರ ತಮ್ಮ ಲೇಖನದಲ್ಲಿ ಇನ್ನೂ ಮುಂದೆ ಹೋದರು. ಕಳಿಸುವ ಸಾಲುಗಳ ನಡುವೆ ಕನಿಷ್ಠ 3 ದೂರ ಇರುವಂತೆ ಹೆಚ್ಚುವರಿ ಬಿಟ್ ಸೇರಿಸಿದರೆ, ಒಂದು ಬಿಟ್ ಕೆಟ್ಟಾಗ ತಪ್ಪು ಹಿಡಿಯುವುದಷ್ಟೇ ಅಲ್ಲ, ಯಾವ ಬಿಟ್ ಎಂದು ಗುರುತಿಸಿ ಸರಿಪಡಿಸಲೂಬಹುದು.