ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಸುತ್ತಿನ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಕ್ಯಾಸೆಟ್ಟುಗಳು ಸಿಗುತ್ತವೆ. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಬೇರೆಲ್ಲಾದರೂ ದೊರಕೀತು. ಚಾವಡಿಯಲ್ಲಿ ನಡೆದ ಕೂಟವನ್ನು ಮನೆಯವರೇ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರೆ ಅದು ಒಂದೇ ಒಂದು. ಮೊದಲು ಇಳಿಸಬೇಕಾದದ್ದು ಅಂಥವನ್ನು.

ಮಳೆಗಾಲ ಈ ಕೆಲಸಕ್ಕೆ ತಕ್ಕ ಸಮಯವಲ್ಲ. ದೀಪಾವಳಿ ಕಳೆದು ಗಾಳಿಯ ತೇವ ಇಳಿದ ಮೇಲೆ ತೊಡಗುವುದು ಒಳ್ಳೆಯದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ಬಿಳಿ ಹುಡಿ ಹಚ್ಚಿದಂತೆ ಕಂಡರೆ ಅದು ಬೂಷ್ಟು. ಅದನ್ನು ಹಾಗೆಯೇ ಓಡಿಸಿದರೆ ಹುಡಿ ಯಂತ್ರಕ್ಕಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಒಣ ಹತ್ತಿಯಿಂದ ಅಂಚನ್ನು ಹಗುರವಾಗಿ ಒರೆಸಬೇಕು. ಟೇಪನ್ನು ಯಂತ್ರದ ಹೆಡ್ಡಿಗೆ (ಧ್ವನಿಯನ್ನು ಓದುವ ಭಾಗಕ್ಕೆ) ಒತ್ತಿಹಿಡಿಯುವ ಪುಟ್ಟ ಫೆಲ್ಟ್ ತುಂಡು ಉದುರಿದ್ದರೆ ಸುರುಳಿಗಳನ್ನು ಇನ್ನೊಂದು ಕ್ಯಾಸೆಟ್ಟಿನ ಪೆಟ್ಟಿಗೆಗೆ ವರ್ಗಾಯಿಸಬಹುದು. ಮೇಲಂಚಿನ ಎರಡು ಪ್ಲಾಸ್ಟಿಕ್ ನಾಲಗೆಗಳನ್ನು ಮುರಿಯಲು ಮರೆಯಬಾರದು. ಮುರಿದ ಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅರ್ಥಗಾರಿಕೆ (ಪಾತ್ರಗಳ ಮಾತು) ಅಳಿಸಿಹೋಗುವುದಿಲ್ಲ.

ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಆಮೇಲೆ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ವರ್ಷಗಟ್ಟಲೆ ಅಲುಗದೆ ಕುಳಿತ ಸುರುಳಿ ಸಡಿಲವಾಗುತ್ತದೆ. ಡೆಕ್ಕಿನ, ಅಂದರೆ ಕ್ಯಾಸೆಟ್ಟು ಓಡಿಸುವ ಯಂತ್ರದ, ಲೈನ್ ಔಟ್‌ನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ರಂಧ್ರದಿಂದ, ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಎಳೆಯಬೇಕು. ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಮೈಕ್ ರಂಧ್ರ ಮಾತ್ರ ಇರುತ್ತದೆ; ಅದಕ್ಕೆ ಸಿಕ್ಕಿಸಿದರೆ ಧ್ವನಿ ಒಡೆಯುವುದರಿಂದ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡೊಂದನ್ನು ಕೊಳ್ಳುವುದೇ ಸರಿ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಹೆಡ್ಡಿನ ಓರೆಯನ್ನು ಸರಿಹೊಂದಿಸುವುದು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಸ್ಕ್ರೂ ಇರುತ್ತದೆ. ಅಂದು ಧ್ವನಿ ಹಿಡಿದ ಯಂತ್ರದ ಹೆಡ್ಡು ತುಸು ವಾಲಿದ್ದರೆ ಇಂದಿನ ಯಂತ್ರದಲ್ಲಿ ಎಲ್ಲವೂ ಕಂಬಳಿ ಹೊದ್ದು ಮಾತನಾಡಿದಂತೆ ಕೇಳುತ್ತದೆ. ಹಾಡುವ ಭಾಗವತರ ಜಾಗಟೆಯೋ ಚಕ್ರತಾಳವೋ ಕೇಳುವ ಜಾಗದಲ್ಲಿ ಟೇಪನ್ನು ಓಡಿಸುತ್ತ, ಎರಡೂ ಚಾನೆಲ್‌ಗಳನ್ನು ಮೋನೋ ಆಗಿ ಕೂಡಿಸಿ ಕೇಳುತ್ತ, ಸ್ಕ್ರೂವನ್ನು ಕೂದಲೆಳೆಯಷ್ಟೇ ಆಚೀಚೆ ತಿರುಗಿಸಿದರೆ ಲೋಹದ ನಾದ ತಟ್ಟನೆ ತೆರೆದುಕೊಳ್ಳುವ ಒಂದು ಬಿಂದು ಸಿಗುತ್ತದೆ. ಅಲ್ಲೇ ನಿಲ್ಲಿಸಿ. ಮೂಲ ಸ್ಥಾನವನ್ನು ಮೊದಲೇ ಗುರುತು ಮಾಡಿಟ್ಟುಕೊಂಡಿರಬೇಕು.

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿಯಿರಿ. 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು ಒಂದೂವರೆ ಜಿಬಿ ಜಾಗ ಬೇಕಾಗುತ್ತದೆ. ಚೆಂಡೆಯ ಪೆಟ್ಟು ಮಾತಿಗಿಂತ ಬಹಳ ಜೋರಾದ್ದರಿಂದ ಮಟ್ಟವನ್ನು ಅರ್ಥಧಾರಿಯ (ಪಾತ್ರವಾಗಿ ಮಾತನಾಡುವವರ) ಮಾತು ನೋಡಿ ಹೊಂದಿಸದೆ, ಚೆಂಡೆ ಬಿದ್ದಾಗ ಸೂಚಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಬೇಕು.

ಗ್ರಾಮಫೋನ್ ತಟ್ಟೆಗಳಿಗೂ ಇದೇ ದಾರಿ, ಆದರೆ ಟರ್ನ್‌ಟೇಬಲ್‌ಗೂ ಕಂಪ್ಯೂಟರಿಗೂ ನಡುವೆ ಧ್ವನಿಯನ್ನು ಹಿಗ್ಗಿಸಿ ಸರಿಹೊಂದಿಸುವ ಫೋನೋ ಪ್ರೀಆಂಪ್ ಬೇಕು. ಇಲ್ಲವಾದರೆ ಧ್ವನಿ ಕ್ಷೀಣವಾಗಿ, ಮಂದ್ರವಿಲ್ಲದೆ ಕೀರಲಾಗಿರುತ್ತದೆ. ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗೆ ದಪ್ಪನೆಯ ಬೇರೆ ಮುಳ್ಳು ಬೇಕು, ಮತ್ತು ಆ ತಟ್ಟೆಯನ್ನು ಆಲ್ಕೋಹಾಲಿನಿಂದ ಎಂದಿಗೂ ಒರೆಸಬಾರದು; ಅರಗು ಕರಗುತ್ತದೆ.

ಹಿಸ್ಸೆನ್ನುವ ಸದ್ದನ್ನು ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ನಾನೂ ಒಂದು ಕೂಟದ ಧ್ವನಿಯನ್ನು ತಿಕ್ಕಿ ತೊಳೆದು, ಜಾಗಟೆಯನ್ನು ನೀರೊಳಗೆ ಬಡಿದಂತಾಗಿಸಿ, ಮೂಲವನ್ನು ಉಳಿಸದೆ ಪೇಚಾಡಿದ್ದೇನೆ. ಆದ್ದರಿಂದ ಹಿಡಿದದ್ದನ್ನು ಹಾಗೆಯೇ ಗುಣಮಟ್ಟ ಕುಂದಿಸದ ಫ್ಲ್ಯಾಕ್ ರೂಪದಲ್ಲಿ ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಟ್ಟು, ಶುದ್ಧೀಕರಣವನ್ನೆಲ್ಲ ಪ್ರತಿಯ ಮೇಲೆ ಮಾಡಿ. ಕಡತದ ಹೆಸರಿನಲ್ಲಿ ಪ್ರಸಂಗ, ಸ್ಥಳ, ವರ್ಷ, ಕ್ಯಾಸೆಟ್ಟಿನ ಮಗ್ಗುಲು ಇರಲಿ. ಚೀಟಿಯ ಮೇಲೆ ಅಜ್ಜ ಪೆನ್ನಿನಲ್ಲಿ ಬರೆದ ಅರ್ಥಧಾರಿಗಳ ಪಟ್ಟಿಯ ಫೋಟೋವನ್ನೂ ಅದೇ ಫೋಲ್ಡರಿಗೆ ಸೇರಿಸಿ. ಯಾರು ಯಾವ ಪಾತ್ರ ಎಂಬುದು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ.